ಹೊಂದಿಕೊಂಡು ಹೋಗು ಅನ್ನುವವರಿಗೆ

ಪರದೇಶಿ ಎಂಬ ಮಾತಿಗೆ ನಮ್ಮ ಮಂಡ್ಯ ಸೀಮೆಯಲ್ಲಿ ಎರಡು ಅರ್ಥ. ನಿಘಂಟಿನಲ್ಲಿರುವುದು ಬೇರೆ ದೇಶದವನು ಎಂದು. ಜನರ ಬಾಯಲ್ಲಿರುವುದು ಯಾರೂ ಇಲ್ಲದವನು, ದಿಕ್ಕುದೆಸೆ ಇಲ್ಲದವನು ಎಂದು. ಅಪ್ಪ ಅವ್ವ ಸತ್ತ ಮಗುವನ್ನು ಕಂಡು ಮುದುಕಿಯರು 'ಅಯ್ಯೋ ಪರದೇಶಿ ಮುಂಡೇದೇ' ಅಂತ ಲೊಚಗುಟ್ಟುತ್ತಾರೆ. ಆ ಮಗು ಮದ್ದೂರು ಸಂತೆಯನ್ನೂ ಕಂಡಿರುವುದಿಲ್ಲ. ಪರದೇಶಿಯಾಗುವುದಕ್ಕೆ ಗಡಿ ದಾಟಬೇಕಿಲ್ಲ ಅನ್ನುವುದು ನಮ್ಮ ಮುದುಕಿಯರಿಗೆ ಮೊದಲಿಂದ ಗೊತ್ತು. ಹುಟ್ಟಿದ ಊರಲ್ಲೇ, ಊರಿನ ಹೊರಗೆ ಹಾಕಿಸಿಕೊಂಡು ಬದುಕಿದ ಜನಕ್ಕಂತೂ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಈ ಮಾತನ್ನು ಈಗ ಎತ್ತಲು ಕಾರಣ ಉಂಟು. ಮಳವಳ್ಳಿ, ಮದ್ದೂರು ಕಡೆಯ ನಮ್ಮ ಹುಡುಗ ಹುಡುಗಿಯರು ಜಪಾನಿಗೆ ಹೋಗುವ ಮಾತಾಡುತ್ತಿದ್ದಾರೆ. ಸಾಫ್ಟ್‌ವೇರಿನವರ ಮಾತಲ್ಲ ಇದು. ನರ್ಸಿಂಗ್ ಓದಿ ಆರೇಳು ಸಾವಿರಕ್ಕೆ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿ ಮಾಡುವ ಹುಡುಗಿ, ಐಟಿಐ ಮುಗಿಸಿ ಗುತ್ತಿಗೆಯ ಮೇಲೆ ಬಿಡದಿ ಕಡೆ ಬಸ್ಸು ಹತ್ತುವ ಹುಡುಗ, ಇಂಥವರ ಮಾತು. ಜಪಾನ್ ಸರ್ಕಾರ 2019ರ ಏಪ್ರಿಲ್‌ನಲ್ಲಿ 'ನಿರ್ದಿಷ್ಟ ಕೌಶಲ್ಯದ ಕೆಲಸಗಾರ' ಎಂಬ ಹೊಸ ವೀಸಾ ತೆರೆಯಿತು. 2021ರ ಜನವರಿಯಲ್ಲಿ ಭಾರತವೂ ಅದಕ್ಕೆ ಒಪ್ಪಂದದ ಸಹಿ ಹಾಕಿತು. 2025ರ ಆಗಸ್ಟ್‌ನಲ್ಲಿ ಎರಡೂ ಸರ್ಕಾರಗಳು ಸೇರಿ, ಐದು ವರ್ಷದಲ್ಲಿ 5 ಲಕ್ಷ ಜನ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಓಡಾಡಬೇಕು, ಅದರಲ್ಲಿ 50,000 ಮಂದಿ ಭಾರತದ ಕುಶಲ ಕೆಲಸಗಾರರಿರಬೇಕು ಅಂತ ಗುರಿ ಇಟ್ಟುಕೊಂಡವು. ಇದು ಔದಾರ್ಯವಲ್ಲ. ಆ ದೇಶದಲ್ಲಿ ನೂರಕ್ಕೆ 29 ಮಂದಿ 65 ದಾಟಿದವರು. ಮುದುಕರನ್ನು ಎತ್ತಿ ಕೂರಿಸುವವರಿಲ್ಲ, ಗದ್ದೆಯಲ್ಲಿ ದುಡಿಯುವವರಿಲ್ಲ, ಕಬ್ಬಿಣ ಕಟ್ಟುವವರಿಲ್ಲ. 2024ರ ಅಕ್ಟೋಬರ್ ಹೊತ್ತಿಗೆ ಅಲ್ಲಿ ದುಡಿಯುತ್ತಿದ್ದ ಹೊರದೇಶದವರು ಸುಮಾರು 23 ಲಕ್ಷ.

ಷರತ್ತುಗಳು ಹೀಗಿವೆ: ಜಪಾನಿ ಭಾಷೆಯ ಕೆಳಹಂತದ ಒಂದು ಪರೀಕ್ಷೆ ಪಾಸಾಗಬೇಕು, ಕೆಲಸದ ಪರೀಕ್ಷೆ ಪಾಸಾಗಬೇಕು. ಮೊದಲ ದರ್ಜೆಯ ಈ ವೀಸಾದಲ್ಲಿ ಒಟ್ಟು ಐದು ವರ್ಷ ಇರಬಹುದು. ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಸಂಬಳ ಜಪಾನಿಯವನಿಗೆ ಕೊಟ್ಟಷ್ಟಾದರೂ ಇರಬೇಕು ಅಂತ ಕಾನೂನು. 2024ರಲ್ಲಿ ಆ ದೇಶದ ಸರಾಸರಿ ಕನಿಷ್ಠ ಕೂಲಿ ಗಂಟೆಗೆ 1,055 ಯೆನ್, ಆಗಿನ ಲೆಕ್ಕದಲ್ಲಿ ಆರುನೂರು ರೂಪಾಯಿಯ ಆಸುಪಾಸು. ನಮ್ಮಲ್ಲಿ ದಿನವಿಡೀ ಕಬ್ಬು ಕಡಿದವನ ಕೂಲಿಯನ್ನು ಇದರ ಪಕ್ಕಕ್ಕಿಟ್ಟು ನೋಡಿದರೆ, ಹೋಗಬೇಡ ಅನ್ನಲು ಯಾವ ಬಾಯಿಗೆ ಧೈರ್ಯ ಬರುತ್ತದೆ? ನಾನಂತೂ ಹೋಗಬೇಡ ಅನ್ನುವವನಲ್ಲ.

ಅಲ್ಲಿ ಹೊರದೇಶದವರಿಗೆ ಬೀಳುವ ಕೆಲಸಕ್ಕೆ ಅವರ ಭಾಷೆಯಲ್ಲೇ ಒಂದು ಹೆಸರಿದೆ, ಮೂರು 'ಕಿ' ಕೆಲಸ. ಕಿತ್ಸುಯಿ, ಕಿತನಾಯಿ, ಕಿಕೆನ್. ಕಷ್ಟದ್ದು, ಕೊಳಕು, ಅಪಾಯದ್ದು. ಆ ದೇಶದ ಹುಡುಗರಿಗೆ ಬೇಡವಾದ ಕೆಲಸ. ಈ ಮೂರನ್ನೂ ನಮ್ಮ ಕೇರಿಗೆ ಪಾಠ ಮಾಡಲು ಜಪಾನಿನಿಂದ ಮೇಷ್ಟ್ರು ಬರಬೇಕಾಗಿಲ್ಲ. ಒಂದು ವ್ಯತ್ಯಾಸ ಉಂಟು, ಅದನ್ನು ಮುಚ್ಚಿಡಬಾರದು. ಯಾವ ಕೈಯಿಂದ ಒಂದು ಚೊಂಬು ನೀರು ಇಸಕೊಳ್ಳಲು ನಮ್ಮ ಊರಿನ ಮನೆಗಳು ಹಿಂದೆಗೆಯುತ್ತವೋ, ಆ ಕೈ ಅಲ್ಲಿ ಮುದುಕರ ಮೈ ತೊಳೆಯುತ್ತದೆ, ಬಾಯಿಗೆ ಅನ್ನ ಇಡುತ್ತದೆ, ತಲೆ ಬಾಚುತ್ತದೆ. ಆ ಮುದುಕಿ 'ನೀನು ಯಾವ ಜನ' ಅಂತ ಕೇಳುವುದಿಲ್ಲ. ಕೈ ಬೆಚ್ಚಗಿದೆಯೋ ಇಲ್ಲವೋ ಅಷ್ಟೇ ನೋಡುತ್ತಾಳೆ. ಒಂದು ಹುಡುಗಿಗೆ ಇದು ಸಣ್ಣ ವಿಷಯ ಅಂತ ಯಾರಾದರೂ ಹೇಳಿದರೆ, ಹೇಳುವವರು ಯಾವ ಬೀದಿಯವರು ಅಂತ ನೋಡಬೇಕಾಗುತ್ತದೆ.

ಹೀಗೆ ಹೊರಟು ನಿಂತವರಿಗೆ ಎಲ್ಲರೂ ಹೇಳುವುದು ಒಂದೇ ಮಾತು. ಏಜೆಂಟನೂ ಹೇಳುತ್ತಾನೆ, ಭಾಷೆ ಕಲಿಸುವ ಮೇಷ್ಟ್ರೂ ಹೇಳುತ್ತಾರೆ, ಮನೆಯ ಹಿರಿಯರೂ ಹೇಳುತ್ತಾರೆ: 'ಅಲ್ಲಿ ಹೊಂದಿಕೊಂಡು ಹೋಗ್ಬೇಕು ಕಣಪ್ಪ.' ಇದು ನಮಗೆ ಹೊಸ ಮಾತಲ್ಲ. ಮದುವೆಯಾಗಿ ಗಂಡನ ಮನೆಗೆ ಹೊರಟ ಹೆಣ್ಣುಮಗಳಿಗೆ ಹೇಳುವುದು ಇದನ್ನೇ. ಜಗಳವಾಗಿ ಕೇರಿಯವರಿಗೆ ಏಟು ಬಿದ್ದ ಮಾರನೇ ದಿನ ತಹಸೀಲ್ದಾರರು, ಸಬ್ ಇನ್‌ಸ್ಪೆಕ್ಟರು, ಊರ ಯಜಮಾನರು ಸೇರಿ ಶಾಂತಿಸಭೆ ಮಾಡುತ್ತಾರಲ್ಲ, ಅಲ್ಲೂ ಇದೇ ಮಾತು. ಹೊಂದಿಕೊಂಡು ಹೋಗಿ. ಏಟು ಹೊಡೆದವನ ಕಡೆ ತಿರುಗಿ ಈ ಮಾತು ಹೇಳಿದ ಶಾಂತಿಸಭೆಯನ್ನು ನಾನು ಇದುವರೆಗೆ ಕಂಡಿಲ್ಲ. ಹೊಂದಿಕೊಳ್ಳುವುದು ಯಾವಾಗಲೂ ಬಂದವರ ಕೆಲಸ, ಬಡವರ ಕೆಲಸ, ಹೆಂಗಸರ ಕೆಲಸ, ಹೊಲೆಯ ಮಾದಿಗರ ಕೆಲಸ. ಆದ್ದರಿಂದ ಈ ಮಾತಿನ ಹೊಟ್ಟೆಯಲ್ಲಿ ಏನೇನಿದೆ ಅಂತ ಬಿಡಿಸಿ ನೋಡದೆ, ಹುಡುಗರ ಬುತ್ತಿಗೆ ಇದನ್ನು ಕಟ್ಟಿ ಕಳಿಸುವುದು ಸರಿಯಲ್ಲ.

ಮೊದಲು ಕಾಣುವುದು ಕಲಿಯಬಹುದಾದ ನಡತೆ. ಜಪಾನಿನಲ್ಲಿ ಕಸವನ್ನು ಸುಡುವುದು, ಸುಡದಿರುವುದು, ಬಾಟಲಿ, ಕಾಗದ ಅಂತ ಬೇರೆ ಬೇರೆ ಮಾಡಿ, ಗೊತ್ತಾದ ದಿನ ಗೊತ್ತಾದ ಜಾಗಕ್ಕಿಡಬೇಕು. ರೈಲಿನಲ್ಲಿ ಫೋನಿನಲ್ಲಿ ಮಾತಾಡಬಾರದು. ಮನೆಯೊಳಕ್ಕೆ ಚಪ್ಪಲಿ ಬಿಟ್ಟು ಬರಬೇಕು, ಇದು ನಮಗೂ ಇದ್ದದ್ದೇ. ಸ್ನಾನದ ತೊಟ್ಟಿಗೆ ಇಳಿಯುವ ಮೊದಲೇ ಮೈ ತೊಳೆದುಕೊಂಡಿರಬೇಕು. ಎಂಟು ಗಂಟೆ ಅಂದರೆ ಎಂಟಕ್ಕೆ ಐದು ನಿಮಿಷ ಮುಂಚೆ. ಇದರಲ್ಲಿ ಅವಮಾನ ಏನೂ ಇಲ್ಲ, ಏಕೆಂದರೆ ಈ ಕಟ್ಟು ಕಂಪನಿಯ ಯಜಮಾನನಿಗೂ ಉಂಟು. ಭಾಷೆಯೂ ಹೀಗೆಯೇ. ಕಷ್ಟಪಟ್ಟರೆ ಬರುತ್ತದೆ, ಬಂದಷ್ಟೂ ಕಾಲಿಗೆ ನೆಲ ಸಿಗುತ್ತದೆ. ಎಲ್ಲರಿಗೂ ಒಂದೇ ಆಗಿರುವ ಕಟ್ಟನ್ನು ಕಲಿಯುವುದು ದಾಸ್ಯವಲ್ಲ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಮ್ಮ ರೇಷ್ಮೆಗೂ ಜಪಾನಿಗೂ ಹಳೇ ನಂಟು. 1991ರಿಂದ 2007ರವರೆಗೆ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಜಪಾನಿನ ತಜ್ಞರು ಕೂತು ಬೈವೋಲ್ಟೈನ್ ತಳಿಗಳನ್ನು ಈ ಹವೆಗೆ ತಂದರು. ಮಳವಳ್ಳಿ, ಮದ್ದೂರಿನ ರೈತರು ಅದರ ಗೂಡನ್ನು ರಾಮನಗರದ ಮಾರುಕಟ್ಟೆಗೆ ಹೊತ್ತವರೇ. ಆ ಹುಳು ಸುಕುಮಾರಿ. ಅದಕ್ಕೆ ಬೇರೆ ಹುಳುಮನೆ ಕಟ್ಟಬೇಕು, ಶಾಖ ಹೆಚ್ಚಾದರೆ ಗೋಣಿತಾಟು ನೆನೆಸಿ ಇಳಿಬಿಡಬೇಕು, ಒಳಗೆ ಹೋಗುವವರು ಕೈಕಾಲು ತೊಳೆದೇ ಹೋಗಬೇಕು. ಹೊರದೇಶದಿಂದ ಬಂದ ಹುಳುವಿಗೆ ಇಡೀ ಮನೆಯೇ ಹೊಂದಿಕೊಂಡಿತು. ಹೊರದೇಶಕ್ಕೆ ಹೋದ ಮನುಷ್ಯನಿಗೆ ಮಾತ್ರ 'ನೀನೇ ಹೊಂದಿಕೋ' ಅನ್ನುತ್ತೇವೆ. ಹುಳು ಲಾಭ ಕೊಡುತ್ತದೆ ಅನ್ನಬಹುದು. ಮನುಷ್ಯ ಕೊಡುವುದಿಲ್ಲವೇ?

ಹೊಂದಿಕೊಳ್ಳುವುದರಲ್ಲಿ ಇನ್ನೊಂದು ಬಗೆ ಇದೆ. ಅದು ಕಲಿಯುವ ವಿಷಯವೇ ಅಲ್ಲ. ನಿನಗೊಂದು ಜಾಗ ಗೊತ್ತುಮಾಡಿದ್ದಾರೆ, ಆ ಜಾಗದಲ್ಲಿ ಇರು ಅನ್ನುವುದು ಅದು. ಜಪಾನಿನ ನ್ಯಾಯ ಮಂತ್ರಾಲಯವೇ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಂದಿನ ಐದು ವರ್ಷದಲ್ಲಿ ಬಾಡಿಗೆ ಮನೆ ಹುಡುಕಿದ ಹೊರದೇಶದವರ ಪೈಕಿ ನೂರಕ್ಕೆ ಸುಮಾರು 39 ಮಂದಿ, ಹೊರದೇಶದವರು ಅನ್ನುವ ಕಾರಣಕ್ಕೇ ಮನೆ ಸಿಗಲಿಲ್ಲ ಅಂದಿದ್ದರು. ಕೆಲಸ ಹುಡುಕಿದವರಲ್ಲಿ ನೂರಕ್ಕೆ 25 ಮಂದಿ ಇದೇ ಕಾರಣಕ್ಕೆ ಕೆಲಸ ಸಿಗಲಿಲ್ಲ ಅಂದಿದ್ದರು. ಇವರೆಲ್ಲ ಕಸ ಬೇರೆ ಮಾಡಲು ಬಾರದವರೇ?

ಅಲ್ಲೇ ಹುಟ್ಟಿದವರ ಕತೆ ಕೇಳಿ. ಕೊರಿಯಾ 1910ರಿಂದ 1945ರವರೆಗೆ ಜಪಾನಿನ ಹಿಡಿತದಲ್ಲಿತ್ತು. ಆಗ ಬಂದ, ತರಲ್ಪಟ್ಟ ಕೊರಿಯನ್ನರು ಅಲ್ಲೇ ಉಳಿದರು. 1952ರಲ್ಲಿ ಅವರ ಜಪಾನಿ ಪೌರತ್ವವನ್ನು ಕಿತ್ತುಕೊಂಡರು. ಅವರ ಮಕ್ಕಳು ಜಪಾನಿನಲ್ಲೇ ಹುಟ್ಟಿ, ಜಪಾನಿ ಬಿಟ್ಟು ಬೇರೆ ಭಾಷೆ ಬಾರದೆ ಬೆಳೆದರೂ ಕಾಗದದಲ್ಲಿ ಪರದೇಶಿಗಳೇ. ಪಾಕ್ ಚೊಂಗ್ ಸೊಕ್ ಎಂಬ ಅಂಥ ಒಬ್ಬ ಹುಡುಗ 1970ರಲ್ಲಿ ತನ್ನ ಜಪಾನಿ ಹೆಸರಿನಲ್ಲಿ ಪರೀಕ್ಷೆ ಬರೆದು ಹಿಟಾಚಿ ಕಂಪನಿಯಲ್ಲಿ ಆಯ್ಕೆಯಾದ. ಅವನು ಕೊರಿಯನ್ ಅಂತ ತಿಳಿದ ಕೂಡಲೇ ಕೆಲಸ ರದ್ದಾಯಿತು. ಅವನು ಕೋರ್ಟಿಗೆ ಹೋದ, 1974ರಲ್ಲಿ ಯೊಕೊಹಾಮ ಕೋರ್ಟಿನಲ್ಲಿ ಗೆದ್ದ. ಭಾಷೆ ಬರುತ್ತಿತ್ತು, ನಡತೆ ಬರುತ್ತಿತ್ತು, ಪರೀಕ್ಷೆ ಪಾಸಾಗಿತ್ತು. ಕಲಿಯಲು ಇನ್ನೇನು ಉಳಿದಿತ್ತು?

ಎರಡು ಬಗೆಯನ್ನು ಬೇರೆ ಮಾಡಿ ನೋಡುವುದಕ್ಕೆ ಈ ಪ್ರಶ್ನೆಯೇ ಒರೆಗಲ್ಲು. ಕಲಿಯಲು ಇನ್ನೇನು ಉಳಿದಿದೆ ಅಂತ ಕೇಳಬೇಕು. 'ಇದಿಷ್ಟು ಉಳಿದಿದೆ' ಅಂತ ತೋರಿಸಿದರೆ ಅದು ಕಟ್ಟು, ಕಲಿಯೋಣ. ಎಲ್ಲ ಕಲಿತ ಮೇಲೂ 'ಆದ್ರೂ ನೀನು ನಮ್ಮೋನಲ್ಲ' ಅಂದರೆ ಅದು ಜಾತಿ. ಅದಕ್ಕೆ ಯಾವ ದೇಶದಲ್ಲಿ ಯಾವ ಹೆಸರಾದರೂ ಇರಲಿ. 2024ರ ನವೆಂಬರ್‌ನಲ್ಲಿ ಮಂಡ್ಯದ ಪಕ್ಕದ ಹನಕೆರೆಯಲ್ಲಿ ದಲಿತರು ಅಧಿಕಾರಿಗಳ ಸಮ್ಮುಖದಲ್ಲಿ ಕಾಲಭೈರವೇಶ್ವರನ ಗುಡಿಯೊಳಕ್ಕೆ ಹೋದರು. ಮೇಲ್ಜಾತಿಯ ಕೆಲವರು ಉತ್ಸವಮೂರ್ತಿಯನ್ನೇ ಎತ್ತಿಕೊಂಡು ಹೊರಗೆ ನಡೆದರು. ದೇವರನ್ನೇ ಪರದೇಶಿ ಮಾಡಿದರು! ಆ ಗುಡಿಗೆ ಹೋದವರು ಅದೇ ಊರಿನವರು, ಅದೇ ಕನ್ನಡ ಆಡುವವರು, ಅದೇ ನಾಲೆಯ ನೀರು ಕುಡಿದವರು. ಅವರು ಇನ್ನೇನು ಕಲಿತು ಬರಬೇಕಾಗಿತ್ತು?

ಈ ವ್ಯತ್ಯಾಸವನ್ನು ಮೈಮೇಲೆ ಹೊತ್ತು ತೋರಿಸಿದವರು ಬಾಬಾಸಾಹೇಬರು. 1913ರಲ್ಲಿ ನ್ಯೂಯಾರ್ಕಿಗೆ ಹೋದರು, ಆಮೇಲೆ ಲಂಡನ್ನಿಗೆ. ಅಲ್ಲಿ ಅವರು ಪರದೇಶಿಯೇ. ಆದರೆ ಅಲ್ಲಿದ್ದ ವರ್ಷಗಳಲ್ಲಿ ತಾನು ಅಸ್ಪೃಶ್ಯ ಅನ್ನುವುದೇ ಮರೆತುಹೋಗಿತ್ತು ಅಂತ ಅವರೇ ಬರೆದುಕೊಂಡಿದ್ದಾರೆ. 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಬಂದರೆ, ಸ್ವಂತ ದೇಶದಲ್ಲಿ ತಂಗಲು ಒಂದು ಕೋಣೆ ಇಲ್ಲ. ಪಾರ್ಸಿಗಳ ತಂಗುದಾಣದಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಉಳಿದರು. ಹನ್ನೊಂದನೇ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಪಾರ್ಸಿಗಳು ಬಂದು ಹೊರಡಿಸಿದರು. ಒಬ್ಬ ಹಿಂದೂ ಗೆಳೆಯನ ಮನೆಯಲ್ಲೂ ಜಾಗವಿಲ್ಲ, ಒಬ್ಬ ಕ್ರಿಶ್ಚಿಯನ್ ಗೆಳೆಯನ ಮನೆಯಲ್ಲೂ ಜಾಗವಿಲ್ಲ. ಪಾರ್ಕಿನಲ್ಲಿ ಕೂತು ಮುಂಬಯಿ ರೈಲಿಗೆ ಕಾದರು. ಈ ಅನುಭವಗಳನ್ನು ಬರೆದಿಟ್ಟ ಅವರ ಬರಹಕ್ಕೆ 'ವೈಟಿಂಗ್ ಫಾರ್ ಎ ವೀಸಾ' ಎಂದು ಹೆಸರು. ವೀಸಾ ಬೇಕಾಗಿದ್ದದ್ದು ಅಮೆರಿಕಕ್ಕಲ್ಲ, ಬರೋಡಕ್ಕೆ.

ಹಾಗಾದರೆ ಜಪಾನಿಗೆ ಹೋದರೆ ಜಾತಿ ಕಳಚಿ ಬೀಳುತ್ತದೆಯೇ? 'ಅಲ್ಲಿ ಜಾತಿಗೀತಿ ಏನೂ ಇಲ್ಲ ಕಣಣ್ಣ, ಬರೀ ಶಿಸ್ತು' ಅಂತ ಹುಡುಗರು ಹೇಳುತ್ತಾರೆ. ಇದು ಅರ್ಧ ಸತ್ಯ. ಜಪಾನಿಗೂ ತನ್ನದೇ ಕೇರಿ ಇದೆ. ಚರ್ಮ ಹದ ಮಾಡುವವರು, ದನ ಕಡಿಯುವವರು, ಹೆಣಕ್ಕೆ ಸಂಬಂಧಿಸಿದ ಕೆಲಸದವರು, ಇವರನ್ನು ಊರ ಹೊರಗಿಟ್ಟು 'ಎತ', 'ಹಿನಿನ್' ಅನ್ನುತ್ತಿದ್ದರು. ಮೊದಲನೆಯದರ ಅಕ್ಷರಕ್ಕೆ ಹೊಲಸು ತುಂಬಿದ್ದು ಅಂತ ಅರ್ಥ, ಎರಡನೆಯದಕ್ಕೆ ಮನುಷ್ಯನಲ್ಲದವನು ಅಂತ. ಮುಖ ಒಂದೇ, ಭಾಷೆ ಒಂದೇ, ಬಣ್ಣ ಒಂದೇ. 1871ರಲ್ಲಿ ಸರ್ಕಾರ ಈ ಹೆಸರುಗಳನ್ನು ರದ್ದು ಮಾಡಿತು. 1873ರಲ್ಲಿ ಮಿಮಾಸಾಕ ಎಂಬ ಸೀಮೆಯಲ್ಲಿ, ಇವರು ನಮಗೆ ಸಮನಾದರಲ್ಲ ಅನ್ನುವ ಸಿಟ್ಟಿಗೆ ರೈತರು ಅವರ ಮನೆಗಳನ್ನು ಸುಟ್ಟರು, ಜನರನ್ನು ಕೊಂದರು. 2000ದ ಕಂಬಾಲಪಲ್ಲಿಯನ್ನು ಮರೆಯದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಜನಕ್ಕೆ ಈಗಿರುವ ಹೆಸರು ಬುರಾಕುಮಿನ್, ಅಂದರೆ ಹಳ್ಳಿಯ ಜನ ಅಂತ ಅಷ್ಟೇ. ನಮ್ಮಲ್ಲಿ 'ಕಾಲೋನಿಯವರು' ಅನ್ನುತ್ತಾರಲ್ಲ, ಹಾಗೆ. ನಿರಪರಾಧಿಯಂತೆ ಕಾಣುವ ಮಾತು.

1975ರಲ್ಲಿ ಹೊರಬಿದ್ದ ಸಂಗತಿ ಕೇಳಿ. ಇಡೀ ದೇಶದ ಬುರಾಕು ಊರುಗಳ ಹೆಸರು, ಎಲ್ಲಿದೆ, ಎಷ್ಟು ಮನೆ, ಏನು ಕಸುಬು ಅಂತ ಪಟ್ಟಿ ಮಾಡಿದ ಗುಟ್ಟಿನ ಪುಸ್ತಕ ಕಂಪನಿಗಳಿಗೆ ಮಾರಾಟವಾಗಿತ್ತು. ಕೊಂಡ ಕಂಪನಿಗಳು 200ಕ್ಕೂ ಹೆಚ್ಚು, ಅದರಲ್ಲಿ ಹೆಸರಾಂತವೂ ಇದ್ದವು. ಕೆಲಸ ಕೇಳಿಕೊಂಡು ಬಂದವನ ಊರನ್ನು ಪಟ್ಟಿಯಲ್ಲಿ ನೋಡುವುದು, ಇದ್ದರೆ 'ಖಾಲಿ ಇಲ್ಲ' ಅನ್ನುವುದು. ಮದುವೆಗೂ ಇದೇ ಉಪಾಯ. ಹಳೆಯ ಪಟ್ಟಿಯೊಂದನ್ನು ಮತ್ತೆ ಅಚ್ಚು ಹಾಕಿ, ಅಂತರ್ಜಾಲದಲ್ಲಿ ಹರಡಲು ಹೊರಟವರ ಮೇಲೆ 2016ರಲ್ಲಿ ದಾವೆ ಬಿತ್ತು. 2021ರಲ್ಲಿ ಟೋಕಿಯೋ ಕೋರ್ಟು ಅದನ್ನು ತಡೆಯಿತು. ನಮ್ಮಲ್ಲಿ ಇಂಥ ಪುಸ್ತಕ ಬೇಕಾಗಿಲ್ಲ. ಆಧಾರ್ ಕಾರ್ಡಿನಲ್ಲಿ 'ಎ.ಕೆ. ಕಾಲೋನಿ' ಅಂತ ಇರುತ್ತದೆ. ಬೆಂಗಳೂರಿನ ಮನೆಯೊಡೆಯ ಅದನ್ನು ನೋಡಿ 'ನಾವು ವೆಜಿಟೇರಿಯನ್ಸು' ಅನ್ನುತ್ತಾನೆ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ಹೊಂದಿಕೊಳ್ಳುವುದರಲ್ಲಿ ಇವೆರಡಕ್ಕಿಂತ ಕೆಟ್ಟದಾದ ಒಂದಿದೆ. ಅದನ್ನು ಯಾವ ಕ್ಲಾಸಿನಲ್ಲೂ ಕಲಿಸುವುದಿಲ್ಲ, ಆದರೆ ಎಲ್ಲಕ್ಕಿಂತ ಬೇಗ ಬರುತ್ತದೆ. ಅದು ಯಾರನ್ನು ಕೀಳಾಗಿ ನೋಡಬೇಕು ಅನ್ನುವ ಕಲಿಕೆ. ಯಾವುದೇ ಸಮಾಜಕ್ಕೆ ಹೊಸಬ ಬಂದಾಗ ಅವನಿಗೆ ಬೇಗ ಸಿಗುವ ರಹದಾರಿ ಇದು. ಒಡೆಯ ಯಾರನ್ನು ನೋಡಿ ಮೂಗು ಮುರಿಯುತ್ತಾನೋ ಅವನನ್ನು ನೋಡಿ ನೀನೂ ಮೂಗು ಮುರಿದರೆ, ಒಡೆಯ ನಿನ್ನ ಬೆನ್ನು ತಟ್ಟುತ್ತಾನೆ. ಭಾಷೆಯ ವ್ಯಾಕರಣ ತಪ್ಪಿದ್ದರೂ ನಡೆಯುತ್ತದೆ. ಇದು ಬಂದವನ ಕೆಟ್ಟತನ ಅಂತ ನಾನು ಹೇಳುತ್ತಿಲ್ಲ. ಅವನಿಗೆ ಕೊಟ್ಟ ಬೆಲೆಪಟ್ಟಿಯಲ್ಲಿ ಅತ್ಯಂತ ಅಗ್ಗದ ಸರಕು ಇದೇ.

ಜಪಾನಿನವರೆಗೆ ಹೋಗುವ ಮೊದಲು ನಮ್ಮ ಆಲೆಮನೆಗಳಲ್ಲಿ ನೋಡಿ. ಮಂಡ್ಯದ ಆಲೆಮನೆಗಳಲ್ಲಿ ಈಗ ಕೊಪ್ಪರಿಗೆಯ ಮುಂದೆ ಬೇಯುತ್ತಿರುವವರು ಬಹಳ ಕಡೆ ಉತ್ತರ ಪ್ರದೇಶ, ಬಿಹಾರದವರು. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಮೇಸ್ತ್ರಿಯ ಮುಂಗಡ ತಿಂದು ಬಂದ ಸಂಸಾರಗಳು ಗದ್ದೆ ಬದಿಯಲ್ಲಿ ಗುಡ್ಲು ಹಾಕಿಕೊಂಡಿರುತ್ತವೆ. ಮಕ್ಕಳಿಗೆ ಸ್ಕೂಲಿಲ್ಲ, ಹೆಂಗಸರಿಗೆ ಮರೆಯಿಲ್ಲ. ಒಂದು ಆಲೆಮನೆಯಲ್ಲಿ ನಾನೇ ಕಣ್ಣಾರೆ ಕಂಡದ್ದು: ದಾರಿಹೋಕರು ಬಂದರೆ ಕಬ್ಬಿನ ಹಾಲು ಕೊಡುವುದು ನಮ್ಮ ಕಡೆಯ ಮರ್ಯಾದೆ. ಕೊಡುತ್ತಿದ್ದವನು ಬಂದು ಎರಡು ತಿಂಗಳೂ ಆಗಿರದ ಉತ್ತರದ ಹುಡುಗ. ಕನ್ನಡ ಹತ್ತು ಮಾತು ಬಂದಿರಬಹುದು. ಊರಿನವರಿಗೆ ಲೋಟದಲ್ಲಿ ಕೊಟ್ಟ. ಕೇರಿಯ ಇಬ್ಬರು ಬಂದಾಗ ಲೋಟ ಕೆಳಗಿಟ್ಟು ಚೊಂಬು ಮೇಲೆತ್ತಿ ಹುಯ್ದ, ಅವರು ಬೊಗಸೆ ಒಡ್ಡಿದರು. ಯಾರೂ ಅವನಿಗೆ ಹೇಳಲಿಲ್ಲ. ನೋಡಿ ಕಲಿತಿದ್ದ. ಅವನ ಊರಿನಲ್ಲಿ ಅವನಿಗೂ ಹೀಗೇ ಎತ್ತಿ ಹುಯ್ಯುತ್ತಿದ್ದರೋ ಏನೋ, ಯಾರು ಬಲ್ಲರು. ಹತ್ತು ಕನ್ನಡ ಮಾತಿಗಿಂತ ಮುಂಚೆ ಮಂಡ್ಯದ ಸಮಾಜ ಅವನಿಗೆ ಕಲಿಸಿದ್ದು ಇದು. ಅವನು ಹೊಂದಿಕೊಂಡಿದ್ದ.

ಬಂದವರ ಬೆವರಿಲ್ಲದೆ ಈ ಜಿಲ್ಲೆಯೇ ಇಲ್ಲ ಅನ್ನುವುದನ್ನೂ ಇಲ್ಲಿ ಹೇಳಬೇಕು. ಕನ್ನಂಬಾಡಿ ಕಟ್ಟೆಗೆ, ಹುಲಿಕೆರೆಯ ಸುರಂಗ ಕೊರೆದು ತಂದ ನಾಲೆಗೆ, 1930ರ ದಶಕದಲ್ಲಿ ಎದ್ದ ಮೈಶುಗರ್ ಕಾರ್ಖಾನೆಗೆ ತಮಿಳು ಸೀಮೆಯಿಂದ ಕೂಲಿಗಳು ಬಂದರು. ಮಂಡ್ಯ ಜಿಲ್ಲೆ ಆದದ್ದು 1939ರಲ್ಲಿ. ಅಂದರೆ ಇವರಲ್ಲಿ ಬಹಳ ಮಂದಿ ಜಿಲ್ಲೆಗಿಂತ ಹಳಬರು. ಮಂಡ್ಯ ಪಟ್ಟಣದಲ್ಲಿ ಅವರ ಮೊಮ್ಮಕ್ಕಳು ಇರುವ ಜಾಗಕ್ಕೆ ಇಂದಿಗೂ ತಮಿಳು ಕಾಲೋನಿ ಅಂತಲೇ ಹೆಸರು. ನಾಲ್ಕನೇ ತಲೆಮಾರು ಕನ್ನಡ ಆಡುತ್ತಿದೆ, ಜಾಗದ ಹೆಸರು ಬದಲಾಗಿಲ್ಲ. 1991ರ ಡಿಸೆಂಬರ್‌ನಲ್ಲಿ ಕಾವೇರಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಬಂದಾಗ, ಬೆಂಗಳೂರಿನಲ್ಲೂ ಹಳೇ ಮೈಸೂರಿನ ಕಡೆಯೂ ತಮಿಳು ಕೂಲಿಗಳ ಗುಡಿಸಲುಗಳಿಗೆ ಬೆಂಕಿ ಬಿತ್ತು. ನಾಲೆ ತೋಡಿದವರಿಗೆ ನಾಲೆ ನೀರಿನ ಹೆಸರಲ್ಲಿ ಏಟು. ಆಗ ಬೆಂಕಿ ಇಟ್ಟ ಗುಂಪುಗಳಲ್ಲಿ ಕೇರಿಯ ಹುಡುಗರು ಒಬ್ಬರೂ ಇರಲಿಲ್ಲ ಅಂತ ಎದೆ ಮುಟ್ಟಿ ಹೇಳುವವರು ಯಾರಿದ್ದಾರೆ? ಊರಿನವರು 'ನಮ್ಮೋರು' ಅಂತ ಕೇರಿಯವರನ್ನು ಹತ್ತಿರ ಕರೆಯುವುದು ಚುನಾವಣೆಗೆ, ಇಂಥ ದಿನಗಳಿಗೆ. ಕರೆದಾಗ ಹೋಗಿಬಿಡುವ ಆಸೆ ಎಂಥದ್ದು ಅಂತ, ಯಾವಾಗಲೂ ಹೊರಗೆ ನಿಂತವರಿಗೇ ಗೊತ್ತು.

ಜಪಾನಿಗೆ ಹೋಗುವ ನಮ್ಮ ಹುಡುಗನ ಮುಂದೆಯೂ ಇದೇ ಆಸೆ ಬಂದು ನಿಲ್ಲುತ್ತದೆ. ಅವನ ಜೊತೆ ವಿಯೆಟ್ನಾಮಿನವರು, ನೇಪಾಳದವರು, ಇಂಡೊನೇಷ್ಯದವರು ಇರುತ್ತಾರೆ. 'ಅವರು ಕಳ್ಳರು, ನಾವು ಒಳ್ಳೇ ವಿದೇಶಿಗಳು' ಅನ್ನುವುದನ್ನು ಬೇಗ ಕಲಿಯಬಹುದು. ಕೊರಿಯನ್ನರ ಬಗ್ಗೆ, ಬುರಾಕುಗಳ ಬಗ್ಗೆ ಪಿಸುಮಾತಿನಲ್ಲಿ ಆಡುವುದನ್ನು ಕಲಿಯಬಹುದು. ಆಗ ಅವನು ಪೂರ್ತಿ ಹೊಂದಿಕೊಂಡ ಅಂತ ಸರ್ಟಿಫಿಕೇಟು ಸಿಗುತ್ತದೆ.

ಇದಕ್ಕೆ ತಿರುಗಾಮುರುಗವಾದ ಒಂದು ದಾರಿಯೂ ಇದೆ. 1960ರ ದಶಕದಲ್ಲಿ ಸುರಾಯಿ ಸಸಾಯಿ ಎಂಬ ಜಪಾನಿನ ಭಿಕ್ಷು ಭಾರತಕ್ಕೆ ಬಂದರು. ನಾಗಪುರದ ಅಂಬೇಡ್ಕರ್ ಬೌದ್ಧರ ನಡುವೆ ನೆಲೆನಿಂತರು, ಅವರ ಭಾಷೆ ಕಲಿತರು, ಭಾರತದ ಪೌರತ್ವವನ್ನೂ ಪಡೆದರು, ಬೋಧಗಯಾದ ಮಹಾವಿಹಾರ ಬೌದ್ಧರದಾಗಬೇಕೆಂಬ ಚಳವಳಿಯ ಮುಂದೆ ನಿಂತರು. ಅವರೂ ಭಾರತಕ್ಕೆ ಹೊಂದಿಕೊಂಡವರೇ. ಆದರೆ ಯಾವ ಭಾರತಕ್ಕೆ ಅನ್ನುವುದನ್ನು ಅವರು ಆರಿಸಿಕೊಂಡರು. ಒಂದು ದೇಶ ಅಂದರೆ ಒಂದೇ ಮನೆಯಲ್ಲ. ಜಪಾನಿನಲ್ಲೂ 1922ರ ಮಾರ್ಚ್ 3ರಂದು ಕ್ಯೋಟೋದಲ್ಲಿ ಬುರಾಕು ಜನ ಸೇರಿ ಸುಯಿಹೇಶ ಎಂಬ ಸಂಘ ಕಟ್ಟಿದರು. ಆ ಹೆಸರಿಗೆ ನೀರಿನಂತೆ ಮಟ್ಟಸವಾದ ಸಂಘ ಅಂತ ಅರ್ಥ ಮಾಡಬಹುದು. ಬಾವುಟ ಕಪ್ಪು, ಅದರ ಮೇಲೆ ಮುಳ್ಳಿನ ಕಿರೀಟ. ಐದು ವರ್ಷ ಕಳೆದು 1927ರಲ್ಲಿ ಇಲ್ಲಿ ಮಹಾಡದ ಕೆರೆ. ಎರಡು ಕಡೆಯೂ ನೀರು! ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಬ್ಬರೂ ಅದೇ ಮಾತಿಗೆ ಬಂದಿದ್ದರು. ನಮ್ಮ ಹುಡುಗ ಹೋಗುವ ಜಪಾನಿನಲ್ಲಿ ಈ ಜಪಾನೂ ಉಂಟು ಅಂತ ಅವನಿಗೆ ಯಾವ ಏಜೆಂಟನೂ ಹೇಳುವುದಿಲ್ಲ.

ಏಜೆಂಟರು ಹೇಳುವುದು ಶಿಸ್ತಿನ ಜಪಾನು. ಆ ಶಿಸ್ತಿನ ರುಚಿ ಮದ್ದೂರಿನವರಿಗೆ ಹೊಸದಲ್ಲ. ಬೆಂಗಳೂರು ರಸ್ತೆಯ ಬಿಡದಿಯಲ್ಲಿ 1999ರಿಂದ ಟೊಯೊಟಾ ಕಾರು ತಯಾರಾಗುತ್ತಿದೆ. ಸಮವಸ್ತ್ರ, ಒಂದೇ ಕ್ಯಾಂಟೀನು, ಬೆಳಗಿನ ಕಸರತ್ತು. ಒಂದೇ ಕ್ಯಾಂಟೀನಿನಲ್ಲಿ ಮ್ಯಾನೇಜರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದನ್ನು ಕಂಡು ನಮ್ಮ ಹುಡುಗರು ಹಿಗ್ಗಿದರೆ ಅದರಲ್ಲಿ ತಪ್ಪಿಲ್ಲ. ಆದರೆ 2006ರಲ್ಲಿ ಅಲ್ಲಿ ಮುಷ್ಕರವಾಯಿತು, 2014ರಲ್ಲಿ ಬೀಗಮುದ್ರೆಯಾಯಿತು, 2020ರಲ್ಲಿ ಮತ್ತೆ ಆಯಿತು. 2014ರಲ್ಲಿ ಬೀಗ ತೆಗೆದಾಗ, ಒಳ್ಳೆಯ ನಡತೆಯ ಮುಚ್ಚಳಿಕೆಗೆ ಸಹಿ ಮಾಡಿ ಒಳಗೆ ಬನ್ನಿ ಅಂದರು. ಕಾರ್ಮಿಕರು ಸಹಿ ಮಾಡುವುದಿಲ್ಲ ಅಂತ ಗೇಟಿನ ಹೊರಗೆ ಕೂತರು. ಮುಚ್ಚಳಿಕೆ! ನಮ್ಮ ತಾತಂದಿರು ಊರ ಪಂಚಾಯ್ತಿಯ ಮುಂದೆ ಹೆಬ್ಬೆಟ್ಟು ಒತ್ತಿದ್ದೂ ಇದಕ್ಕೇ. ಎಂಟು ಗಂಟೆಗೆ ಬರುವುದು ಶಿಸ್ತು. ಸಂಘ ಕಟ್ಟುವುದಿಲ್ಲ, ಎದುರಾಡುವುದಿಲ್ಲ ಅಂತ ಬರೆದುಕೊಡುವುದು ಶಿಸ್ತಲ್ಲ. ಎರಡಕ್ಕೂ 'ಜಪಾನಿ ಸಂಸ್ಕೃತಿ' ಅಂತ ಒಂದೇ ಚೀಟಿ ಅಂಟಿಸಿ ಮಾರುವವರ ಬಗ್ಗೆ ಹುಷಾರಾಗಿರಬೇಕು. ಜಪಾನಿನಲ್ಲೇ, ತರಬೇತಿಯ ಹೆಸರಲ್ಲಿ 1993ರಿಂದ ನಡೆದ ಕೂಲಿ ವ್ಯವಸ್ಥೆಯೊಂದಿದೆ. ಅದರಲ್ಲಿ ಬಂದವನು ಧಣಿಯನ್ನು ಬದಲಿಸುವಂತಿರಲಿಲ್ಲ. ಏಜೆಂಟನ ಸಾಲ ಬೆನ್ನ ಮೇಲೆ, ಪಾಸ್‌ಪೋರ್ಟು ಕೆಲವೊಮ್ಮೆ ಧಣಿಯ ಬೀರುವಿನಲ್ಲಿ. ಕಿತ್ತಿಟ್ಟುಕೊಳ್ಳಬಾರದು ಅಂತ 2016ರಲ್ಲಿ ಕಾನೂನೇ ಮಾಡಬೇಕಾಯಿತು. 2024ರಲ್ಲಿ ಆ ವ್ಯವಸ್ಥೆಯನ್ನೇ ತೆಗೆದು 2027ರೊಳಗೆ ಬೇರೆಯದನ್ನು ತರಲು ಅವರ ಪಾರ್ಲಿಮೆಂಟು ಒಪ್ಪಿತು. ಜೀತ ಅನ್ನುವ ನಮ್ಮ ಮಾತನ್ನು ಜಪಾನಿಗೆ ಅನುವಾದಿಸುವ ಅಗತ್ಯ ಬೀಳದಿರಲಿ ಅಂತ, ಹೋಗುವವರು ಕರಾರುಪತ್ರವನ್ನು ಬೇರೆಯವರ ಕೈಲಿ ಓದಿಸಿ ನೋಡಬೇಕು. ಹೊಸ ವೀಸಾದಲ್ಲಿ ಅದೇ ಕಸುಬಿನೊಳಗೆ ಧಣಿಯನ್ನು ಬದಲಿಸುವ ಹಕ್ಕಿದೆ ಅನ್ನುವುದನ್ನು ಮರೆಯಬಾರದು.

ಇನ್ನೊಂದು ಪ್ರಶ್ನೆ ಉಳಿಯಿತು, ಹುಡುಗರು ಗುಟ್ಟಾಗಿ ಕೇಳುವಂಥದ್ದು. ಅಲ್ಲಿ ಜಾತಿ ಹೇಳಬೇಕೇ ಬೇಡವೇ? ಜಪಾನಿಯವನು ಕೇಳುವುದಿಲ್ಲ. ಕೇಳುವವನು ಪಕ್ಕದ ಹಾಸಿಗೆಯ ಭಾರತೀಯ. ಜಪಾನಿನ ಲೇಖಕ ಶಿಮಾಜಾಕಿ ತೋಸೊನ್ 1906ರಲ್ಲಿ 'ಹಕಾಯಿ' ಎಂಬ ಕಾದಂಬರಿ ಬರೆದ. ಬುರಾಕು ಕುಲದ ಯುವಕನೊಬ್ಬ ಸ್ಕೂಲು ಮೇಷ್ಟ್ರು. ಹುಟ್ಟನ್ನು ಯಾರಿಗೂ ಹೇಳಬೇಡ ಅಂತ ಅಪ್ಪನ ಆಣೆ. ಬಚ್ಚಿಟ್ಟು ಬಚ್ಚಿಟ್ಟು ಒಳಗೇ ಬೆಂದು, ಕೊನೆಗೆ ಮಕ್ಕಳ ಮುಂದೆ ಮೊಣಕಾಲೂರಿ ಕ್ಷಮೆ ಕೇಳುತ್ತ ಹೇಳಿಬಿಡುತ್ತಾನೆ. ಆಮೇಲೆ ಅಮೆರಿಕದ ಟೆಕ್ಸಾಸಿನ ದಾರಿ ಹಿಡಿಯುತ್ತಾನೆ. ಅವನಿಗೂ ಬಿಡುಗಡೆ ಕಂಡದ್ದು ಪರದೇಶದಲ್ಲೇ! ಅವನು ಕ್ಷಮೆ ಕೇಳಿದ್ದು ಯಾಕೆ ಅಂತ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಅದಾಗಿ ಹದಿನಾರು ವರ್ಷಕ್ಕೆ ಕ್ಯೋಟೋದಲ್ಲಿ ಸೇರಿದವರು, ನಾಚಿಕೆಪಡಬೇಕಾದವರು ನಾವಲ್ಲ ಅಂದರು. ಆದರೂ ಬಚ್ಚಿಟ್ಟುಕೊಂಡವರನ್ನು ಹೇಡಿ ಅನ್ನುವ ಹಕ್ಕು, ಕೋಣೆ ಕಳೆದುಕೊಳ್ಳುವ ಭಯವಿಲ್ಲದವರಿಗೆ ಇಲ್ಲ. ಬಾಬಾಸಾಹೇಬರಂಥವರೇ ಹತ್ತು ದಿನ ಬೇರೆ ಹೆಸರಲ್ಲಿ ಮಲಗಬೇಕಾಯಿತು. ಹೇಳುವುದು ಬಿಡುವುದು ಹೇಳುವವನ ಸ್ವಾತಂತ್ರ್ಯ. ಕೇಳುವುದು ಮಾತ್ರ ಯಾರ ಸ್ವಾತಂತ್ರ್ಯವೂ ಅಲ್ಲ.

ಮಳವಳ್ಳಿ ತಾಲ್ಲೂಕಿನ ಒಬ್ಬ ಹುಡುಗ ಬೆಂಗಳೂರಿನಲ್ಲಿ ಜಪಾನಿ ಕಲಿಯುತ್ತಿದ್ದಾನೆ. ಒಂದು ಕೋಣೆಯಲ್ಲಿ ಎಂಟು ಮಂದಿ. ಸೇರಿದ ವಾರದಲ್ಲೇ ನಮ್ಮ ಜಿಲ್ಲೆಯವನೇ ಇನ್ನೊಬ್ಬ, ಬಹಳ ಪ್ರೀತಿಯಿಂದಲೇ, ಕೇಳಿದನಂತೆ: 'ಮಳವಳ್ಳಿ ಕಡೆಯೋರಾ? ನೀವು ಯಾವ ಜನ?' ಇವನು ಅವತ್ತು ಕ್ಲಾಸಿನಲ್ಲಿ ಕಲಿತಿದ್ದ ವಾಕ್ಯವನ್ನೇ ಹೇಳಿದ: 'ಮಂಡ್ಯ ಕಾರಾ ಕಿಮಾಶಿತಾ.' ಮಂಡ್ಯದಿಂದ ಬಂದೆ. ಅವನು ನಕ್ಕ, ಮತ್ತೆ ಕೇಳಿದ. ಇವನು ಮತ್ತೆ ಅದನ್ನೇ ಹೇಳಿದ. 'ಆ ಭಾಷೇಲಿ ಯಾವ ಜನ ಅಂತ ಹೆಂಗೆ ಕೇಳಾದು ಅಂತ ಅವ್ನಿಗೂ ಗೊತ್ತಿಲ್ಲ ಕಣಣ್ಣ, ಇನ್ನೂ ಆ ಪಾಠ ಬಂದಿಲ್ಲ' ಅಂತ ನನಗೆ ಹೇಳಿ ನಕ್ಕ. ಇಬ್ಬರೂ ಒಂದೇ ಬ್ಯಾಚಿನವರು. ಪರೀಕ್ಷೆ ಪಾಸಾದರೆ ಒಂದೇ ಊರು, ಒಂದೇ ಕಂಪನಿ, ಒಂದೇ ರೂಮು. ಅಲ್ಲಿ ಅನ್ನ ಸಾರು ಇಬ್ಬರೂ ಸೇರಿ ಮಾಡಿಕೊಳ್ಳಬೇಕಂತೆ.